ದೂರದ ಸವಾರಿಯಲ್ಲಿ ಜೀನು ಕಾಟ ಕೊಡುತ್ತಿದೆಯೆ? ಕುದುರೆಯ ಬೆನ್ನು ಓದಿ ದೋಷ ಹಿಡಿಯುವ ಕ್ರಮ

ಮೈದಾನದಲ್ಲಿ ಅರ್ಧ ಗಂಟೆ ಸುತ್ತು ಹಾಕುವಾಗ ಯಾವ ತಕರಾರೂ ಮಾಡದ ಜೀನು, 40 ಕಿ.ಮೀ. ದಾಟಿದ ಸವಾರಿಯಲ್ಲಿ ಕುದುರೆಯ ಬೆನ್ನು ಸುಲಿದುಬಿಡುತ್ತದೆ. ಜೀನು ದಾರಿಯಲ್ಲಿ ಕೆಟ್ಟಿದ್ದಲ್ಲ, ಮೊದಲಿನಿಂದಲೂ ಸರಿಯಾಗಿ ಕೂರುತ್ತಿರಲಿಲ್ಲ. ಒತ್ತಡ ಬಿದ್ದ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಅರ್ಧ ಗಂಟೆ ಅದನ್ನು ತಡೆದುಕೊಂಡ ಬೆನ್ನು ಐದು ಗಂಟೆ ತಡೆದುಕೊಳ್ಳುವುದಿಲ್ಲ. ಅದರ ಮೇಲೆ ದಣಿದ ಕುದುರೆ ಬೆನ್ನು ತಗ್ಗಿಸುತ್ತದೆ, ದಣಿದ ಸವಾರರು ಒಂದು ಮಗ್ಗುಲಿಗೆ ವಾಲುತ್ತಾರೆ, ಜೀನಿನ ಕೆಳಗೆ ಹಾಸಿದ ಪ್ಯಾಡು ಬೆವರಿಗೆ ನೆಂದು ಹಿಂದಕ್ಕೆ ಜಾರುತ್ತದೆ. ಸಣ್ಣ ಸವಾರಿಯಲ್ಲಿ ಕಾಣದ ಒಂದು ಸೆಂಟಿಮೀಟರಿನ ತಪ್ಪು ಹೀಗೆ ಹುಣ್ಣಾಗುತ್ತದೆ.

ಹೆಚ್ಚಿನವರು ಮಾಡುವ ಮೊದಲ ಕೆಲಸ ದಪ್ಪ ಪ್ಯಾಡು ತರುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಜೀನು ಕಿರಿದಾಗಿದ್ದರೆ ಪ್ಯಾಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಕಚ್ಚುವ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕಿದ ಹಾಗೆ. ಇನ್ನೊಂದು ಮಾತು ಈಗಲೇ ಹೇಳಬೇಕು: ನೋವು ಕಂಡ ಜಾಗದಲ್ಲೇ ದೋಷ ಇರಬೇಕೆಂದಿಲ್ಲ. ಸೊಂಟದ ಮೇಲೆ ಹುಣ್ಣಾಗಿದ್ದರೆ ತಪ್ಪು ಎಷ್ಟೋ ಸಲ ಜೀನಿನ ಮುಂಭಾಗದಲ್ಲಿರುತ್ತದೆ.

ಜೀನಿಗೆ ಸಂಬಂಧಪಡದ ಕಾರಣಗಳು ಮೊದಲು

ಜೀನು ಹಾಕುವಾಗ ಕಿವಿ ಹಿಂದಕ್ಕೆ ಮಡಚುವುದು, ಕಚ್ಚಲು ಬರುವುದು, ಹತ್ತುವಾಗ ಬೆನ್ನು ಕುಸಿಯುವುದು, ಇಳಿಜಾರಿನಲ್ಲಿ ಹಿಂಜರಿಯುವುದು, ಹೆಜ್ಜೆ ಕಿರಿದಾಗುವುದು. ಇವೆಲ್ಲ ಜೀನಿನಿಂದ ಬರಬಹುದು. ಗೊರಸಿನ ನೋವು, ಕಾಲಿನ ಕುಂಟು, ಬೆನ್ನುಮೂಳೆಯ ಕಾಯಿಲೆಯಿಂದಲೂ ಬರಬಹುದು. ಕುದುರೆಯನ್ನು ಬರಿ ಬೆನ್ನಿನಲ್ಲಿ ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ (ನಿಧಾನ ಓಟ) ಓಡಿಸಿ ನೋಡಿ. ತಲೆ ಎತ್ತಿಹಾಕುತ್ತಿದ್ದರೆ, ಪೃಷ್ಠದ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತಿದ್ದರೆ ಮೊದಲು ಪಶುವೈದ್ಯರನ್ನು ಕರೆಸಿ. ಹಿಂಗಾಲಿನ ಸಣ್ಣ ಕುಂಟು ಕೂಡ ಜೀನನ್ನು ಯಾವಾಗಲೂ ಒಂದೇ ಕಡೆಗೆ ಜಾರಿಸುತ್ತದೆ. ಅಂಥ ಕುದುರೆಗೆ ಹತ್ತು ಜೀನು ಬದಲಿಸಿದರೂ ಹನ್ನೊಂದನೆಯದೂ ಜಾರುತ್ತದೆ.

ಆಮೇಲೆ ಪ್ಯಾಡು ಮತ್ತು ಗರ್ತ್ (ಹೊಟ್ಟೆಯ ಕೆಳಗೆ ಹಾಯಿಸಿ ಜೀನು ಬಿಗಿಯುವ ಪಟ್ಟಿ) ನೋಡಿ. ಹಳೆ ಬೆವರಿನ ಉಪ್ಪು ಒಣಗಿ ಗರಗರ ಆಗಿದೆಯೆ, ಹುಲ್ಲಿನ ಮುಳ್ಳು ಸಿಕ್ಕಿಕೊಂಡಿದೆಯೆ, ಹೊಲಿಗೆಯ ಗಂಟು ಚರ್ಮಕ್ಕೆ ತಾಗುತ್ತಿದೆಯೆ? ಅಂಗೈಯಿಂದ ನೋಡಿದರೆ ಸಾಲದು, ಮುಂಗೈ ಒಳಭಾಗದ ಮೆತ್ತನೆಯ ಚರ್ಮದಿಂದ ಸವರಿ ನೋಡಿ, ಬೇಗ ಗೊತ್ತಾಗುತ್ತದೆ. ಒಗೆದ ಸೋಪು ಪೂರ್ತಿ ಹೋಗದ ಪ್ಯಾಡು ಬೆವರು ತಾಗಿದ ಕೂಡಲೇ ಚರ್ಮ ಕೆರಳಿಸುತ್ತದೆ, ಅದನ್ನು ಜೀನಿನ ತಪ್ಪೆಂದು ಓದಬೇಡಿ.

ತೂಕವನ್ನೂ ಒಮ್ಮೆ ಲೆಕ್ಕ ಹಾಕಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಭುಜದ ಮುಂಚಾಚಿನಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಬರುತ್ತದೆ. ಸುತ್ತಳತೆ 165, ಉದ್ದ 150 ಇದ್ದರೆ ಸುಮಾರು 344 ಕಿಲೋ. ಸವಾರರು, ಜೀನು, ನೀರು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದೆಂಬುದು ರೂಢಿಯ ಮಿತಿ. ಈ ಕುದುರೆಗೆ ಅದು 69 ಕಿಲೋ. 8 ಕಿಲೋದ ಜೀನು, 4 ಕಿಲೋದ ಸಾಮಾನು ಕಳೆದರೆ ಸವಾರರಿಗೆ ಉಳಿಯುವುದು 57. ಮಿತಿ ಮೀರಿದ ಹೊರೆಗೆ ಯಾವ ಜೀನೂ ಉತ್ತರವಲ್ಲ.

ಬೆನ್ನು ಓದುವುದು

ಇದಕ್ಕೆ ಬೇಕಾದ ಸಾಮಾನು ಒಂದು ತೆಳ್ಳನೆಯ ಬಿಳಿ ಹತ್ತಿಬಟ್ಟೆ. ಹಳೆ ಪಂಚೆ ಆಗುತ್ತದೆ. ಅದನ್ನು ಒಂದೇ ಪದರವಾಗಿ, ಸುಕ್ಕಿಲ್ಲದಂತೆ ಬೆನ್ನಿನ ಮೇಲೆ ಹಾಸಿ, ಮೇಲೆ ಜೀನಿಟ್ಟು, 45 ನಿಮಿಷ ನಡಿಗೆ, ಟ್ರಾಟ್, ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ) ಮೂರರಲ್ಲೂ ಸವಾರಿ ಮಾಡಿ. ಬೆವರು ಚೆನ್ನಾಗಿ ಬರಬೇಕು. ಇಳಿದ ಮೇಲೆ ಜೀನನ್ನು ಎಳೆಯದೆ ನೇರ ಮೇಲಕ್ಕೆ ಎತ್ತಿ. ಬಟ್ಟೆಯ ಮೇಲೆ ಕೊಳೆ, ಬೆವರು ಸೇರಿ ಒಂದು ಅಚ್ಚು ಮೂಡಿರುತ್ತದೆ. ನಡುವೆ ಬೆನ್ನುಮೂಳೆಯ ಉದ್ದಕ್ಕೆ ಒಂದು ಶುದ್ಧ ಪಟ್ಟೆ, ಎರಡೂ ಬದಿಗೆ ಒಂದೇ ಗಾಢತೆಯ ಬಣ್ಣ, ಇದು ಒಳ್ಳೆಯ ಅಚ್ಚು. ನಾಲ್ಕು ಕಪ್ಪು ಮಚ್ಚೆ ಮೂಡಿ ನಡುವೆ ಬಿಳಿ ಉಳಿದಿದ್ದರೆ ಭಾರ ನಾಲ್ಕೇ ಕಡೆ ಬೀಳುತ್ತಿದೆ.

ಈಗ ಬೆನ್ನು. ಎಲ್ಲ ಕಡೆ ಬೆವರಿದ್ದು ನಡುವೆ ಒಂದು ಒಣ ತೇಪೆ ಕಂಡರೆ ಅದಕ್ಕೆ ಎರಡು ಅರ್ಥ. ಒಂದು, ಅಲ್ಲಿ ಒತ್ತಡ ವಿಪರೀತವಾಗಿ ಬೆವರುಗ್ರಂಥಿ ಕೆಲಸ ನಿಲ್ಲಿಸಿದೆ. ಇನ್ನೊಂದು, ಅಲ್ಲಿಗೆ ಜೀನು ತಾಗಿಯೇ ಇಲ್ಲ. ಎರಡನ್ನೂ ಬೇರೆ ಮಾಡುವುದು ಕೂದಲು. ಒಣಗಿದ ಜಾಗದ ಕೂದಲು ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ, ಮುಟ್ಟಿದರೆ ಬಿಸಿಯಾಗಿ, ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ಅದು ಒತ್ತಡ. ಕೂದಲು ಸಡಿಲವಾಗಿ, ಧೂಳು ಹಾಗೇ ಉಳಿದು, ಅಂಚು ಮಸುಕಾಗಿದ್ದರೆ ಅದು ತಾಗದ ಜಾಗ. ಕೂದಲು ಎದುರು ದಿಕ್ಕಿಗೆ ಕೆದರಿ, ತುದಿ ಮುರಿದಿದ್ದರೆ ಮೂರನೆಯ ಸಂಗತಿ: ಜೀನು ಒತ್ತುತ್ತಿಲ್ಲ, ಅಲುಗಾಡಿ ಉಜ್ಜುತ್ತಿದೆ. ಈ ಮೂರನ್ನು ಬೇರ್ಪಡಿಸಿ ನೋಡಲು ಬಂದರೆ ಅರ್ಧ ಕೆಲಸ ಮುಗಿಯಿತು.

ಊತ ಮಾತ್ರ ತಡವಾಗಿ ಬರುತ್ತದೆ. ಜೀನು ಒತ್ತಿ ಹಿಡಿದಿರುವವರೆಗೆ ರಕ್ತವೇ ಬರುವುದಿಲ್ಲ; ತೆಗೆದ ಮೇಲೆ ಒಮ್ಮೆಲೇ ನುಗ್ಗಿ ಉಬ್ಬುತ್ತದೆ. ಆದ್ದರಿಂದ ತೆಗೆದ ಕೂಡಲೇ ನೋಡಿ ಸಮಾಧಾನಪಡಬೇಡಿ. ಅರ್ಧ ಗಂಟೆಗೆ, ಎರಡು ಗಂಟೆಗೆ, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಉದ್ದದ ಸವಾರಿ ಮುಗಿದ ತಕ್ಷಣ ಗರ್ತ್ ಸಡಿಲಿಸಿ, ಜೀನನ್ನು ಹತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ತೆಗೆಯುವುದು ಅಶ್ವಪಡೆಗಳ ಹಳೆಯ ಪದ್ಧತಿ. ರಕ್ತ ನಿಧಾನ ಮರಳಲಿ ಎಂದು.

ಮರುದಿನ ಬೆಳಿಗ್ಗೆ ಬೆರಳು ಪರೀಕ್ಷೆ. ಮೂರು ಬೆರಳಿನ ತುದಿ ಜೋಡಿಸಿ, ಬೆನ್ನುಮೂಳೆಯಿಂದ ನಾಲ್ಕು ಬೆರಳು ಕೆಳಗೆ, ಹೆಗಲಿನಿಂದ ಸೊಂಟದವರೆಗೆ ಒಂದೇ ಹದದಲ್ಲಿ ಒತ್ತುತ್ತಾ ಹೋಗಿ. ಉಗುರು ತಾಗಬಾರದು, ಚುಚ್ಚಬಾರದು. ಆರೋಗ್ಯವಂತ ಕುದುರೆಯೂ ಚುಚ್ಚಿದರೆ ಬೆದರುತ್ತದೆ. ಬೆನ್ನು ಕುಸಿಯಿತೆ, ಸ್ನಾಯು ಕಲ್ಲಿನಂತೆ ಬಿಗಿಯಿತೆ, ಕಿವಿ ಅಲುಗಿತೆ ನೋಡಿ ಆ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಹಿಂದಿನ ಯಾವುದೋ ಜೀನು ಬಿಟ್ಟುಹೋದ ಬಿಳಿ ಕೂದಲಿನ ಚುಕ್ಕೆಗಳಿದ್ದರೆ ಅವನ್ನೂ ಬರೆದುಕೊಳ್ಳಿ. ಕೂದಲಿನ ಬುಡಕ್ಕೆ ಪೆಟ್ಟು ಬಿದ್ದು ಬಣ್ಣ ಹೋಗಿರುತ್ತದೆ, ಅದು ಬಹುಮಟ್ಟಿಗೆ ಶಾಶ್ವತ.

ಗುರುತು ಎಲ್ಲಿದೆ, ದೋಷ ಎಲ್ಲಿದೆ

*ವಿದರ್ಸ್‌ನ ಇಕ್ಕೆಲದಲ್ಲಿ, ಭುಜದ ಹಿಂದೆ, ನಾಣ್ಯದಗಲದ ನೋವು ಅಥವಾ ಒಣ ತೇಪೆ.* ವಿದರ್ಸ್ ಅಂದರೆ ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿನ ದಿಬ್ಬ. ಜೀನಿನ ಒಳಗಿನ ಎಲುಬುಗೂಡಿಗೆ ಟ್ರೀ ಎನ್ನುತ್ತಾರೆ. ಅದರ ಮುಂದಿನ ಎರಡು ತುದಿಗಳು ಇಕ್ಕಳದಂತೆ ಹಿಡಿಯುತ್ತಿವೆ, ಅಂದರೆ ಟ್ರೀ ಕಿರಿದು. ಪಕ್ಕದಿಂದ ನೋಡಿದರೆ ಜೀನಿನ ಮುಂಭಾಗ ಎತ್ತರಕ್ಕೆ ಎದ್ದು, ಹಿಂಭಾಗ ಕೆಳಗೆ ಕುಳಿತಿರುತ್ತದೆ. ಸವಾರರ ಭಾರವೆಲ್ಲ ಹಿಂದಕ್ಕೆ ಸರಿದು ಸೊಂಟದ ಮೇಲೆ ಬೀಳುತ್ತದೆ. ಮೊದಲು ಹೇಳಿದ ಸೊಂಟದ ಹುಣ್ಣಿನ ಮೂಲ ಇದು. ಸೊಂಟಕ್ಕೆ ಪ್ಯಾಡು ತುರುಕಿದರೆ ಭುಜದ ಇಕ್ಕಳ ಬಿಗಿಯಾಗುತ್ತದೆ.

*ವಿದರ್ಸ್‌ನ ನೆತ್ತಿಯ ಮೇಲೆ ಹುಣ್ಣು.* ಟ್ರೀ ಅಗಲವಾಗಿ ಜೀನು ಮುಂದಕ್ಕೆ ಕುಸಿದಿದೆ, ಅಥವಾ ಪ್ಯಾಡು ಮೂಳೆಯ ಮೇಲೆ ಬಿಗಿಯಾಗಿ ಎಳೆದುಕೊಂಡಿದೆ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಿಂದ ನಿವೃತ್ತಿಯಾಗಿ ಸವಾರಿಗೆ ಬರುವ ಥರೋಬ್ರೆಡ್ ಕುದುರೆಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಅವುಗಳ ವಿದರ್ಸ್ ಎತ್ತರ, ಉದ್ದ. ಭುಜದ ಹಿಂದೆ ಹಳ್ಳ. ಮಧ್ಯಮ ಟ್ರೀಯ ಸಿದ್ಧ ಜೀನು ಆ ಹಳ್ಳಕ್ಕೆ ಇಳಿದು ಮೂಳೆಗೆ ಕೂರುತ್ತದೆ. ಮಾರವಾಡಿ, ಕಾಠಿಯಾವಾಡಿ ಕುದುರೆಗಳಲ್ಲೂ ಇಕ್ಕಟ್ಟಾದ ಬೆನ್ನಿನವಕ್ಕೆ ಇದೇ ಪಾಡು.

*ಮುಂದೆ ಎರಡು, ಹಿಂದೆ ಎರಡು ನೋವಿನ ಜಾಗ, ನಡುವೆ ಏನೂ ಇಲ್ಲ.* ಜೀನಿನ ತಳ ನೇರವಾಗಿದೆ, ಬೆನ್ನು ತಗ್ಗಾಗಿದೆ. ಹಳ್ಳಕ್ಕೆ ಸೇತುವೆ ಹಾಕಿದಂತೆ ಕೂತಿದೆ. ದೂರದ ಸವಾರಿಗೆ ಇದಕ್ಕಿಂತ ಕೆಟ್ಟ ದೋಷವಿಲ್ಲ. ಉದ್ದ ಪ್ಯಾನೆಲ್‌ನಿಂದ (ಜೀನಿನ ತಳದಲ್ಲಿ ಬೆನ್ನುಮೂಳೆಯ ಎರಡೂ ಬದಿಗೆ ಕೂರುವ ಮೆತ್ತೆ) ಭಾರ ಹಂಚಿಹೋಗುತ್ತದೆಂದು ನಂಬಿ ಕೊಂಡ ಜೀನು, ಇದ್ದ ಭಾರವನ್ನೆಲ್ಲ ನಾಲ್ಕು ಮೂಲೆಗೆ ತಂದು ನಿಲ್ಲಿಸಿರುತ್ತದೆ.

*ನಡುಬೆನ್ನಿನಲ್ಲಿ ನೋವು, ಸೊಂಟದ ಬಳಿ ಕೂದಲು ಮುರಿದಿದೆ.* ತಳ ಅತಿಯಾಗಿ ಬಾಗಿದೆ. ಜೀನು ತೊಟ್ಟಿಲಿನಂತೆ ತೂಗುತ್ತಿದೆ. ಟ್ರಾಟ್‌ನಲ್ಲಿ ಪಕ್ಕದಿಂದ ಒಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಹಿಂಭಾಗ ಪ್ರತಿ ಹೆಜ್ಜೆಗೂ ಏಳುವುದು ಕಾಣುತ್ತದೆ.

*ಬೆನ್ನುಮೂಳೆಯ ಗೆರೆಯ ಮೇಲೇ ಉಜ್ಜಿದ ಗುರುತು.* ಎರಡು ಪ್ಯಾನೆಲ್ ನಡುವಿನ ಕಾಲುವೆ ಕಿರಿದು. ಮುಂದಿನಿಂದ ಹಿಂದಿನವರೆಗೂ ಮೂರರಿಂದ ನಾಲ್ಕು ಬೆರಳು, ಅಂದರೆ 6ರಿಂದ 8 ಸೆಂ.ಮೀ. ಅಗಲ ಬೇಕು. ಬಹಳಷ್ಟು ಜೀನುಗಳಲ್ಲಿ ಮುಂದೆ ಅಗಲವಿದ್ದು ಹಿಂದೆ ಎರಡೇ ಬೆರಳಿಗೆ ಇಳಿದಿರುತ್ತದೆ.

*ಒಂದೇ ಬದಿಗೆ ನೋವು.* ರಿಕಾಪಿನ (ಸವಾರರು ಕಾಲಿಡುವ ಬಳೆ) ಪಟ್ಟಿಗಳನ್ನು ಬಿಚ್ಚಿ ಪಕ್ಕಪಕ್ಕ ನೇತುಹಾಕಿ. ಯಾವಾಗಲೂ ಎಡಗಡೆಯಿಂದ ಹತ್ತುವುದರಿಂದ ಎಡ ಪಟ್ಟಿ ಹಿಗ್ಗಿರುತ್ತದೆ. ರಂಧ್ರದ ಲೆಕ್ಕ ಸಮವಿದ್ದರೂ ಉದ್ದ ಸಮವಿರುವುದಿಲ್ಲ. ವಾರಕ್ಕೊಮ್ಮೆ ಎಡಬಲ ಅದಲು ಬದಲು ಮಾಡಿ, ಕಟ್ಟೆಯ ಮೇಲೆ ನಿಂತು ಹತ್ತಿ. ಇದೂ ಅಲ್ಲದಿದ್ದರೆ, ಟ್ರಾಟ್‌ನಲ್ಲಿ ಎದ್ದು ಕೂರುವಾಗ ಗಂಟೆಗಟ್ಟಲೆ ಒಂದೇ ಮುಂಗಾಲಿನ ಲಯಕ್ಕೆ ಕೂರುತ್ತಿದ್ದೀರೇನೋ ಗಮನಿಸಿ. ಪ್ರತಿ ಕಿಲೋಮೀಟರಿಗೊಮ್ಮೆ ಲಯ ಬದಲಿಸದಿದ್ದರೆ ಒಂದು ಮಗ್ಗುಲಿನ ಸ್ನಾಯುವೇ ಎಲ್ಲ ಭಾರ ತಿನ್ನುತ್ತದೆ. ನೀರಿನ ಬಾಟಲಿ ಒಂದೇ ಕಡೆ ಕಟ್ಟಿದ್ದರೂ ಇದೇ ಫಲ. ಎರಡು ಬದಿಯ ಚೀಲಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸಮ ಮಾಡಿ, ಭಾರದ್ದನ್ನು ಮುಂದೆ ಕಟ್ಟಿ. ಹಿಂದೆ ಕಟ್ಟಿದ್ದು ಸೊಂಟ ಬಡಿಯುತ್ತದೆ.

*ಸವಾರರ ತೊಡೆಯ ಕೆಳಗೆ, ರಿಕಾಪಿನ ಪಟ್ಟಿ ತೂಗುವ ಕೊಕ್ಕೆಯ ನೇರಕ್ಕೆ ಎರಡೂ ಬದಿ ನೋವು.* ಇದು ದೂರದ ಸವಾರಿಗೇ ವಿಶೇಷವಾದ ಕಾಯಿಲೆ. ರಿಕಾಪಿನ ಮೇಲೆ ಎದ್ದು ನಿಂತು ಸವಾರಿ ಮಾಡಿದಾಗ ಇಡೀ ಮೈಭಾರ ಪ್ಯಾನೆಲ್‌ಗೆ ಹಂಚದೆ ಆ ಎರಡು ಕೊಕ್ಕೆಗಳ ಕೆಳಗೆ ಇಳಿಯುತ್ತದೆ. ಟ್ರೀ ಇಲ್ಲದ ಜೀನುಗಳಲ್ಲಿ ಇನ್ನೂ ಹೆಚ್ಚು, ಏಕೆಂದರೆ ಹಂಚಲು ಒಳಗೆ ಗಟ್ಟಿ ಚೌಕಟ್ಟೇ ಇಲ್ಲ. ಅಂಥದ್ದನ್ನು ನಡುವೆ ಕಾಲುವೆ ಇರುವ ಅದರದೇ ಪ್ಯಾಡಿಲ್ಲದೆ ಬಳಸಬಾರದು. ಪರಿಹಾರ ಅರ್ಧ ಜೀನಿನದು, ಅರ್ಧ ಸವಾರರದು: ನಿಲ್ಲುವುದು, ಕೂರುವುದು ಬದಲಿಸುತ್ತಿರಿ, ಕಡಿದಾದ ಇಳಿಜಾರಿನಲ್ಲಿ ಇಳಿದು ಜೊತೆಗೆ ನಡೆಯಿರಿ.

ಬರಿ ಬೆನ್ನಿನ ಮೇಲೆ ಜೀನಿಟ್ಟು ನೋಡುವುದು

ಪ್ಯಾಡಿಲ್ಲದೆ, ಗರ್ತ್ ಕಟ್ಟದೆ, ಸಮತಟ್ಟಾದ ಗಟ್ಟಿ ನೆಲದ ಮೇಲೆ ಕುದುರೆ ನಾಲ್ಕೂ ಕಾಲು ಚೌಕವಾಗಿ ಊರಿ, ತಲೆ ನೇರ ಇಟ್ಟು ನಿಂತಿರಬೇಕು. ಕುದುರೆ ನೋಡಿಕೊಳ್ಳುವ ಸೈಸ್ ಒಬ್ಬರು ಹಿಡಿದುಕೊಂಡಿರಲಿ.

1. ಜೀನನ್ನು ವಿದರ್ಸ್ ಮೇಲೆ ಮುಂದಕ್ಕೆ ಇಟ್ಟು, ಕೂದಲಿನ ದಿಕ್ಕಿನಲ್ಲೇ ಹಿಂದಕ್ಕೆ ಜಾರಿಸಿ. ಅದು ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಟ್ರೀಯ ಮುಂತುದಿ ಭುಜದ ಮೂಳೆಯ ಹಿಂದಂಚಿನಿಂದ ಎರಡು ಬೆರಳಾದರೂ ಹಿಂದಿರಬೇಕು. ಮುಂಗಾಲು ಮುಂದೆ ಹೋದಾಗ ಭುಜದ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಸೈಸ್ ಮುಂಗಾಲನ್ನು ಮುಂದಕ್ಕೆ ಎತ್ತಿ ಹಿಡಿದಾಗ ಕೈಯಿಟ್ಟು ನೋಡಿ, ಮೂಳೆ ಬೆರಳಿಗೆ ಬಂದು ತಾಗುತ್ತದೆ.

2. ಭಾರ ಹೊರುವ ಭಾಗ ಹಿಂದೆ ಎಲ್ಲಿಗೆ ಮುಗಿಯಬೇಕೆಂಬುದಕ್ಕೆ ಕೊನೆಯ ಪಕ್ಕೆಲುಬೇ ಗಡಿ. ಕುದುರೆಗೆ 18 ಜೊತೆ ಪಕ್ಕೆಲುಬು. ಹೊಟ್ಟೆಯ ಪಕ್ಕದಲ್ಲಿ ಕೊನೆಯದನ್ನು ತಡವಿ, ಅದರ ಬಾಗು ಹಿಡಿದು ಬೆನ್ನುಮೂಳೆಯವರೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಪ್ಯಾನೆಲ್ ಆ ಗೆರೆ ದಾಟಿದರೆ ಜೀನು ಈ ಕುದುರೆಗೆ ಉದ್ದ. ಅಲ್ಲಿಂದ ಹಿಂದೆ ಪಕ್ಕೆಲುಬಿನ ಆಸರೆ ಇಲ್ಲ. ಅರಬ್ ಮತ್ತು ಮಾರವಾಡಿ ಕುದುರೆಗಳಲ್ಲಿ ಗಿಡ್ಡ ಬೆನ್ನಿನವು ಬಹಳ, ಸವಾರರಿಗೆ 18 ಇಂಚಿನ ಆಸನ ಬೇಕಿದ್ದರೆ ಇಲ್ಲೇ ತಿಕ್ಕಾಟ. ಅಂಥಲ್ಲಿ ಕುದುರೆಯ ಅಳತೆಯೇ ಗೆಲ್ಲಬೇಕು.

3. ಪಾಮೆಲ್ (ಜೀನಿನ ಮುಂದಿನ ಎತ್ತರದ ಭಾಗ) ಕೆಳಗೆ, ವಿದರ್ಸ್ ಮೇಲೆ ಬೆರಳು ನಿಲ್ಲಿಸಿ. ಖಾಲಿ ಜೀನಿಗೆ ಮೂರು ಬೆರಳು, ಗರ್ತ್ ಬಿಗಿದು ಸವಾರರು ಕೂತಾಗ ಎರಡು ಬೆರಳು ಉಳಿಯಬೇಕು. ಮೇಲಷ್ಟೇ ಅಲ್ಲ, ಇಕ್ಕೆಲದಲ್ಲೂ ಬಿಡುವು ಇರಬೇಕು.

4. ಜೀನಿನ ಮುಂದಂಚಿನ ಕೆಳಗೆ ಅಂಗೈ ತೂರಿಸಿ ಮೇಲಿನಿಂದ ಕೆಳಕ್ಕೆ ಸರಿಸಿ. ಒತ್ತು ಒಂದೇ ಸಮ ಇರಬೇಕು. ಕೆಳಗಿಳಿದಂತೆ ಬಿಗಿಯಾದರೆ ಕಿರಿದು. ಮೇಲೆ ಬಿಗಿ, ಕೆಳಗೆ ಸಡಿಲವಾದರೆ ಅಗಲ.

5. ಒಂದು ಕೈ ಆಸನದ ನಡುವೆ ಒತ್ತಿ, ಇನ್ನೊಂದನ್ನು ಪ್ಯಾನೆಲ್ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯಿಸಿ. ನಡುವೆ ಬೆರಳ ತುದಿ ಹೋಗುವಷ್ಟು ಸಡಿಲು ಇದ್ದರೆ ಪರವಾಗಿಲ್ಲ. ಕೆಲಸ ಮಾಡುವಾಗ ಬೆನ್ನು ಏಳುತ್ತದೆ. ಅಂಗೈ ಸಲೀಸಾಗಿ ಹಾದುಹೋದರೆ ಅದೇ ಸೇತುವೆ ದೋಷ.

6. ಎರಡು ಹೆಜ್ಜೆ ದೂರ ನಿಂತು ಪಕ್ಕದಿಂದ ನೋಡಿ. ಆಸನದ ಅತಿ ತಗ್ಗಿನ ಜಾಗ ನಡುವಿನಲ್ಲಿದೆಯೆ? ಅದು ಹಿಂದಕ್ಕೆ ಬಿದ್ದಿದ್ದರೆ ಕುರ್ಚಿಯಲ್ಲಿ ಕೂತಂತೆ ಕಾಲು ಮುಂದಕ್ಕೆ ಹೋಗುತ್ತದೆ, ಮೂರನೇ ಗಂಟೆಗೆ ಸವಾರರ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ.

ಜೀನೇ ಮುರಿದಿರಬಹುದು

ಬಳಸಿದ ಜೀನು ಕೊಳ್ಳುವ ಮುನ್ನ ಇದನ್ನು ತಪ್ಪಿಸಬೇಡಿ. ಪಾಮೆಲ್ ಹೊಟ್ಟೆಗೆ ಆನಿಸಿ, ಕ್ಯಾಂಟಲ್ (ಆಸನದ ಹಿಂದಿನ ಎತ್ತರದ ಅಂಚು) ಹಿಡಿದು ತಮ್ಮ ಕಡೆಗೆ ಎಳೆಯಿರಿ. ಸ್ಪ್ರಿಂಗ್ ಟ್ರೀ ಸ್ವಲ್ಪ ಬಾಗಿ ಹಿಂದಿರುಗುತ್ತದೆ. ಆಸನದ ಚರ್ಮ ಅಡ್ಡಕ್ಕೆ ಸುಕ್ಕುಗಟ್ಟಿದರೆ, ಕಿರಕಿರ ಸದ್ದು ಬಂದರೆ, ಒಂದು ಬದಿ ಹೆಚ್ಚು ಬಾಗಿದರೆ ಟ್ರೀ ಒಡೆದಿದೆ. ಮುಂದಿನ ಎರಡು ತುದಿಗಳನ್ನು ಮಂಡಿಯ ನಡುವೆ ಇಟ್ಟು ಒತ್ತಿ, ಅಲುಗಾಡಬಾರದು. ಒಡೆದ ಟ್ರೀಯ ಜೀನನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಟ್ಟುಬಿಡಿ. ನಂತರ ಬೋರಲು ಹಾಕಿ ಪ್ಯಾನೆಲ್‌ಗಳನ್ನು ಎರಡು ಕೈಯಿಂದ ಒಟ್ಟಿಗೆ ತಡವಿ. ಒಳಗಿನ ಉಣ್ಣೆ ಗಂಟುಕಟ್ಟಿದ್ದರೆ ನೆಲಗಡಲೆಯಂತೆ ಕೈಗೆ ಸಿಗುತ್ತದೆ. ಹಾಗಿದ್ದರೆ ಉಣ್ಣೆ ತೆಗೆದು ಹೊಸದು ತುಂಬಿಸಬೇಕು. ಹೊಸ ಜೀನಿನ ಉಣ್ಣೆಯೂ ಮೊದಲ ಕೆಲವು ತಿಂಗಳಲ್ಲಿ ಕುಳಿತು ತಗ್ಗುತ್ತದೆ, ಆಗ ಒಮ್ಮೆ ಸರಿ ಮಾಡಿಸುವುದು ಮಾಮೂಲು.

ಗರ್ತ್ ಹುಣ್ಣು

ಮೊಣಕೈ ಹಿಂದೆ ಚರ್ಮ ಕೆತ್ತಿದ್ದರೆ ಮೊದಲು ಗರ್ತ್ ಬೀಳುವ ಜಾಗ ನೋಡಿ. ಮೊಣಕೈಯಿಂದ ನಾಲ್ಕು ಬೆರಳು ಹಿಂದಿರಬೇಕು. ಗರ್ತ್ ತಾನು ಹೋಗಬೇಕಾದ ತಗ್ಗಿಗೆ ಹೋಗಿಯೇ ತೀರುತ್ತದೆ; ಗರ್ತ್ ಕಟ್ಟುವ ಜೀನಿನ ಪಟ್ಟಿಗಳು ಅದಕ್ಕೆ ನೇರ ಇಲ್ಲದಿದ್ದರೆ ಜೀನನ್ನೂ ಭುಜದ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಒಮ್ಮೆಲೇ ಬಿಗಿಯದೆ ಮೂರು ಸಲಕ್ಕೆ ಬಿಗಿಯಿರಿ, ಎರಡೂ ಬದಿಯ ರಂಧ್ರ ಸಮವಿರಲಿ. ಬಿಗಿದ ಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು ಬಿಟ್ಟರೆ ಸಿಕ್ಕಿಕೊಂಡ ಚರ್ಮದ ಮಡಿಕೆ ಬಿಡುತ್ತದೆ. ಎರಡು ಬೆರಳು ಚಪ್ಪಟೆಯಾಗಿ ತೂರುವಷ್ಟು ಬಿಗಿ ಸಾಕು. ಜೀನು ನಿಲ್ಲಲು ಅದಕ್ಕಿಂತ ಬಿಗಿ ಬೇಕೆನಿಸಿದರೆ ಜೀನೇ ಹೊಂದುತ್ತಿಲ್ಲ.

ಅಳತೆ ಕಾರ್ಡು, ಆಮೇಲೆ ಪರಿಹಾರ

ಎಂಜಿನಿಯರಿಂಗ್ ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ 60 ಸೆಂ.ಮೀ. ಬಗ್ಗುವ ರೂಲರ್ ತನ್ನಿ. ಭುಜದ ಮೂಳೆಯ ಎರಡು ಬೆರಳು ಹಿಂದೆ ಒಂದು ಅಡ್ಡ ಗೆರೆ, ಬೆನ್ನಿನ ತಗ್ಗಿನಲ್ಲಿ ಒಂದು, ಕೊನೆಯ ಪಕ್ಕೆಲುಬಿನ ಗೆರೆಯಲ್ಲಿ ಒಂದು, ಬೆನ್ನುಮೂಳೆಯ ಪಕ್ಕ ಉದ್ದಕ್ಕೆ ಒಂದು. ನಾಲ್ಕನ್ನೂ ಬೆನ್ನಿಗೆ ಒತ್ತಿ ಆಕಾರ ಹಿಡಿದು ರಟ್ಟಿನ ಮೇಲೆ ಎಳೆದು ಕತ್ತರಿಸಿ. ಎಡಬಲ ಗುರುತು, ದಿನಾಂಕ ಬರೆಯಿರಿ. ಈ ರಟ್ಟುಗಳನ್ನು ಅಂಗಡಿಯ ಜೀನಿನ ತಳಕ್ಕೆ ಹಿಡಿದರೆ ಕುದುರೆಯಿಲ್ಲದೆಯೇ ಹತ್ತರಲ್ಲಿ ಎಂಟನ್ನು ತಳ್ಳಿಹಾಕಬಹುದು. ಕಾನ್ಪುರದ ತಯಾರಕರಿಂದ ತರಿಸುವಾಗ ಬರೀ "ಮೀಡಿಯಂ" ಎನ್ನುವ ಬದಲು ಈ ಆಕಾರವನ್ನೇ ಕಳಿಸಿ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಆಗಿರುವುದಿಲ್ಲ.

ಟ್ರೀ ಕಿರಿದಾಗಿದ್ದರೆ ಪ್ಯಾಡಿನಲ್ಲಿ ಪರಿಹಾರವಿಲ್ಲ. ಗಲೆಟ್ (ಟ್ರೀಯ ಮುಂದಿನ ಕಮಾನು) ಬದಲಿಸಬಹುದಾದ ಜೀನಾದರೆ ಮುಂದಿನ ಅಳತೆಯದನ್ನು ಹಾಕಿ. ವಿಂಟೆಕ್ ಕಂಪನಿಯ ಜೀನುಗಳಲ್ಲಿ ಹಳದಿ ಗಲೆಟ್ ಕಿರಿದು, ಕಪ್ಪು ಮಧ್ಯಮ, ಕೆಂಪು ಅಗಲ. ಟ್ರೀ ಸ್ವಲ್ಪ ಅಗಲವಾಗಿದ್ದರೆ ಮಾತ್ರ ಪ್ಯಾಡು ಕೆಲಸಕ್ಕೆ ಬರುತ್ತದೆ: ಮುಂದಿನ ಎರಡೂ ಬದಿಗೆ 6ರಿಂದ 10 ಮಿ.ಮೀ. ಉಣ್ಣೆಯ ಫೆಲ್ಟ್ ತುಂಡು, ಅಂಚು ಇಳಿಜಾರಾಗಿ ಕತ್ತರಿಸಿದ್ದು. ಹಾಗೇ ಚೌಕ ಬಿಟ್ಟರೆ ಅಂಚೇ ಒತ್ತುತ್ತದೆ. ಬೇಸಿಗೆಯಲ್ಲಿ ಸೊರಗಿ ಮಳೆಗಾಲದಲ್ಲಿ ಮೈತುಂಬುವ ಕುದುರೆಗೆ ಸ್ವಲ್ಪ ಅಗಲದ ಟ್ರೀ ಕೊಂಡು ಫೆಲ್ಟ್ ಸೇರಿಸಿ ಕಳೆಯುವುದೇ ಜಾಣತನ. ಹಿಂದೆ ಅಶ್ವಪಡೆಗಳು ಜೀನಿನ ಕೆಳಗೆ ಮಡಚಿದ ಕಂಬಳಿ ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ಕುದುರೆ ಸೊರಗಿದಂತೆ ಮಡಿಕೆ ಬದಲಿಸುತ್ತಿದ್ದರು. ಯಾವ ಪ್ಯಾಡೇ ಆಗಲಿ, ಗರ್ತ್ ಬಿಗಿಯುವ ಮುನ್ನ ವಿದರ್ಸ್ ಮೇಲೆ ಗಲೆಟ್ ಒಳಕ್ಕೆ ಎಳೆದುಬಿಡಿ. ಸೇತುವೆ ದೋಷ ಸಣ್ಣದಿದ್ದರೆ ನಡುವಿಗೆ ಉಣ್ಣೆ ತುಂಬಿಸಬಹುದು. ದೊಡ್ಡದಿದ್ದರೆ ಬೇರೆ ಜೀನೇ ಗತಿ.

ಸರಿಪಡಿಸಿದ ಜೀನನ್ನು ನೇರ ದೂರಕ್ಕೆ ಒಯ್ಯಬೇಡಿ. ಮೊದಲು 10 ಕಿ.ಮೀ., ಬೆನ್ನು ಶುದ್ಧವಿದ್ದರೆ ಎರಡು ದಿನ ಬಿಟ್ಟು 20, ಆಮೇಲೆ 40. ಪ್ರತಿ ಸಲ ಪಂಚೆಯ ಅಚ್ಚು, ಮರುದಿನದ ಬೆರಳು ಪರೀಕ್ಷೆ. ಚರ್ಮ ಸುಲಿದಿದ್ದರೆ ಪೂರ್ತಿ ಮಾಯುವವರೆಗೆ ಜೀನು ಹಾಕಬಾರದು, ಪ್ಯಾಡಿಗೆ ತೂತು ಕೊರೆದು ಸವಾರಿ ಮುಂದುವರಿಸುವ ಉಪಾಯ ಬೇಡ. ತೂತಿನ ಅಂಚು ಹೊಸ ಹುಣ್ಣು ಮಾಡುತ್ತದೆ. ಸ್ಪರ್ಧೆಯ ತಪಾಸಣೆಯಲ್ಲಿ ಪಶುವೈದ್ಯರು ಹೃದಯಬಡಿತದ ಜೊತೆಗೆ ಬೆನ್ನು, ವಿದರ್ಸ್, ಗರ್ತ್ ಜಾಗವನ್ನೂ ಒತ್ತಿ ನೋಡುತ್ತಾರೆ, ಮುಚ್ಚಿಡಲು ಆಗದು. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ರಟ್ಟು ಕತ್ತರಿಸಿ ಹಳೆಯದರ ಮೇಲಿಟ್ಟು ನೋಡಿ. ಭುಜದ ಹಿಂದಿನ ರಟ್ಟಿನಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಮುಂದಿನ ಉದ್ದದ ಸವಾರಿಗೆ ಮೊದಲು ಜೀನನ್ನು ಬರಿ ಬೆನ್ನಿನ ಮೇಲಿಟ್ಟು ಮತ್ತೆ ಒಂದನೇ ಹಂತದಿಂದ ನೋಡಿಕೊಳ್ಳಿ.